ಕೇಳಿ ನೋಡೋಣ: ಸಂಜೆ ಲೆಕ್ಚರ್‌ಗೆ ನಾವೂ ಹೋಗಬಹುದಾ?

ಪ್ರಶ್ನೆ: ನಂಗೆ 52 ವರ್ಷ, ಹಾರ್ಡ್‌ವೇರ್ ಅಂಗಡಿ ಇದೆ, ಓದು ಪಿಯುಸಿಗೇ ನಿಂತೋಯ್ತು. ಬಸವನಗುಡೀಲಿ ಪ್ರೊಫೆಸರ್‌ಗಳು ಫ್ರೀಯಾಗಿ ಲೆಕ್ಚರ್ ಕೊಡ್ತಾರಂತಲ್ಲ, ನಮ್ಮಂಥವರನ್ನ ಒಳಗೆ ಬಿಡ್ತಾರಾ?
- ಬೆಂಗಳೂರಿನ ಓದುಗರು

ಉತ್ತರ: ಬಿಡ್ದೆ ಏನು ಸ್ವಾಮಿ, ಬಾಗಿಲಲ್ಲಿ ನಿಂತು ಯಾರೂ ಮಾರ್ಕ್ಸ್ ಕಾರ್ಡ್ ಕೇಳಲ್ಲ. ನ್ಯಾಷನಲ್ ಕಾಲೇಜಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ್ದೇ ಜನಸಾಮಾನ್ಯರಿಗೆ ಸೈನ್ಸ್ ತಲುಪಲಿ ಅಂತ. ಎಚ್ಚೆನ್ ಅಮೆರಿಕಾಗೆ ಹೋಗಿ ನ್ಯೂಕ್ಲಿಯರ್ ಫಿಸಿಕ್ಸಲ್ಲಿ ಪಿಎಚ್‌ಡಿ ಮಾಡ್ಕೊಂಡು ಬಂದೋರು, ಆಮೇಲೆ ಬೆಂಗಳೂರು ವಿವಿ ಕುಲಪತಿನೂ ಆದ್ರು, ಆದ್ರೂ ಕೊನೇವರೆಗೂ ಹಾಸ್ಟೆಲ್ ರೂಮಲ್ಲೇ ಇದ್ದೋರು, ಅಂಥವರು ಕಟ್ಟಿದ ಜಾಗದಲ್ಲಿ ನಿಮಗೆ ಸಂಕೋಚ ಯಾಕೆ? ಅಲ್ಲಿ ಬುಧವಾರ ಸಂಜೆ ಲೆಕ್ಚರ್ ಅಂದ್ರೆ ದಶಕಗಳ ವಾಡಿಕೆ, ಜುಲೈ ಬಂದ್ರೆ ವಿಜ್ಞಾನೋತ್ಸವ ಬೇರೆ. ಹತ್ರದಲ್ಲೇ 1945ರಲ್ಲಿ ಶುರುವಾದ ಎರಡು ಸಂಸ್ಥೆ ಇವೆ, ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಮತ್ತೆ ಡಿವಿಜಿಯವರ ಗೋಖಲೆ ಸಂಸ್ಥೆ. ಹೊರಡೋಕೆ ಮುಂಚೆ ಅವತ್ತಿನ ಕಾರ್ಯಕ್ರಮ ಏನಿದೆ ಅಂತ ಒಂದು ಫೋನ್ ಮಾಡಿ ಸಾಕು. ವಾಪಸ್ ಬರ್ತಾ ಗಾಂಧಿಬಜಾರಲ್ಲಿ ದೋಸೆ ತಿನ್ನಬಹುದು, ಅದು ಮಾತ್ರ ಫ್ರೀ ಅಲ್ಲ.

ಪ್ರಶ್ನೆ: ಎರಡು ಸಲ ಹೋದೆ, ಅರ್ಧಕ್ಕರ್ಧ ತಲೆ ಮೇಲೇ ಹೋಯ್ತು. ಮತ್ತೆ ಹೋಗ್ಬೇಕಾ?
- ತುಮಕೂರಿನ ಗೃಹಿಣಿ

ಉತ್ತರ: ಇನ್ನರ್ಧ ಒಳಗೆ ಹೋಯ್ತಲ್ಲಮ್ಮ! ನಾನೊಂದ್ಸಲ ಮಣ್ಣಿನ ಬಗ್ಗೆ ಲೆಕ್ಚರ್‌ಗೆ ಹೋಗಿದ್ದೆ, ಮುಕ್ಕಾಲು ಗಂಟೆ ಸ್ಲೈಡು, ಗ್ರಾಫು, ನನಗೆ ಆಕಳಿಕೆ. ಕೊನೇಲಿ ಮೇಷ್ಟ್ರು ಎರಡು ಗ್ಲಾಸ್ ನೀರು ತರಿಸಿ, ಒಂದಕ್ಕೆ ಕಾಡಂಚಿನ ಒಣ ಹೆಂಟೆ, ಇನ್ನೊಂದಕ್ಕೆ ವರ್ಷಾನುಗಟ್ಲೆ ಉತ್ತಿರೋ ಹೊಲದ ಹೆಂಟೆ ಹಾಕಿದ್ರು. ಹೊಲದ್ದು ನೋಡ್ತಾ ನೋಡ್ತಾ ಪುಡಿಯಾಗಿ ನೀರೆಲ್ಲ ಬಗ್ಗಡ, ಕಾಡಿಂದು ಹಾಗೇ ಗಟ್ಟಿಯಾಗಿ ಕೂತಿತ್ತು, ಬೇರು, ಎಲೆಗೊಬ್ಬರ ಹಿಡ್ಕೊಂಡಿರುತ್ತಂತೆ. ಗ್ರಾಫೆಲ್ಲ ಮರ್ತೋಗಿದೆ, ಆ ಗ್ಲಾಸ್ ಮರ್ತಿಲ್ಲ.

ಪ್ರಶ್ನೆ: ನಾನು ಲಂಡನ್‌ನಲ್ಲಿದೀನಿ. ರಿಟೈರ್ಡ್ ಟೀಚರ್ ಆಗಿರೋ ಅಮ್ಮ ಆರು ತಿಂಗಳಿಗೆ ಅಂತ ಬಂದು ಒಂದೇ ತಿಂಗಳಿಗೆ ಬೇಜಾರಾಗಿ ಕೂತಿದಾರೆ. ಎಲ್ಲಿಗೆ ಕಳಿಸ್ಲಿ?

ಉತ್ತರ: ಹೋಬರ್ನ್ ಕಡೆ ಬರ್ನಾರ್ಡ್ಸ್ ಇನ್ ಹಾಲ್ ಅಂತಿದೆ, ಅಲ್ಲಿ ಗ್ರೆಶಮ್ ಕಾಲೇಜಿನ ಲೆಕ್ಚರ್‌ಗೆ ಕರ್ಕೊಂಡು ಹೋಗಿ, ಫ್ರೀ. ಹೆಸರು ಕಾಲೇಜು, ಆದ್ರೆ ಅಡ್ಮಿಷನ್ ಇಲ್ಲ, ಡಿಗ್ರೀನೂ ಇಲ್ಲ. ಥಾಮಸ್ ಗ್ರೆಶಮ್ ಅನ್ನೋ ವ್ಯಾಪಾರಿ ತನ್ನ ರಾಯಲ್ ಎಕ್ಸ್‌ಚೇಂಜ್ ಕಟ್ಟಡದ ಬಾಡಿಗೆಯಿಂದ ಏಳು ಪ್ರೊಫೆಸರ್‌ಗಳಿಗೆ ಸಂಬಳ ಕೊಡಿ ಅಂತ ಉಯಿಲು ಬರೆದಿಟ್ಟು ಸತ್ತ, 1597ರಿಂದ ಲೆಕ್ಚರ್ ಶುರು. (ನಮ್ಮಲ್ಲೂ ಬಾಡಿಗೆ ತಿನ್ನೋ ಕಾಂಪ್ಲೆಕ್ಸ್ ಓನರ್‌ಗಳು ಬೇಕಾದಷ್ಟಿದಾರೆ ಬಿಡಿ.) 1660ರಲ್ಲಿ ಆ ಕಾಲೇಜಲ್ಲಿ ಖಗೋಳದ ಪ್ರೊಫೆಸರ್ ಕ್ರಿಸ್ಟೋಫರ್ ರೆನ್ ಲೆಕ್ಚರ್ ಮುಗಿದ್ಮೇಲೆ ಹನ್ನೆರಡು ಜನ ಕೂತು ಮಾತಾಡಿದ್ದೇ ರಾಯಲ್ ಸೊಸೈಟಿ ಅನ್ನೋ ವಿಜ್ಞಾನಿಗಳ ಸಂಘಕ್ಕೆ ನಾಂದಿ. ಅಮ್ಮನಿಗೆ ಚಳಿ ಅಂದ್ರೆ ಆನ್‌ಲೈನಲ್ಲೂ ಸಿಗುತ್ತೆ, ಆದ್ರೆ ಮನೆಯಿಂದ ಹೊರಗೆ ಹೋಗೋದೇ ಅವರಿಗೆ ಔಷಧಿ ಅನ್ಸುತ್ತೆ.

ಪ್ರಶ್ನೆ: ಇವೆಲ್ಲ ಇಂಗ್ಲಿಷ್ ಬಲ್ಲವರ ಶೋಕಿ ಅಲ್ವಾ? ಕನ್ನಡದಲ್ಲಿ ಏನಿತ್ತು?
- ಹಾಸನದ ಓದುಗರು

ಉತ್ತರ: ಇತ್ತು, ಜೋರಾಗೇ ಇತ್ತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಅಂದ್ರೆ ಮೇಷ್ಟ್ರುಗಳೇ ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡೋರು, ಆಮೇಲೆ ಅದೇ ಭಾಷಣ ಕಡಿಮೆ ಬೆಲೆಯ ಪುಟ್ಟ ಪುಸ್ತಕ ಆಗೋದು. 1956ರಲ್ಲಿ ಕುಲಪತಿ ಆದ ಕುವೆಂಪು ಇಂಥ ಕೆಲಸಕ್ಕೆ ಇನ್ನಷ್ಟು ಬಲ ಕೊಟ್ರು. ಹಳೇ ಪುಸ್ತಕದಂಗಡೀಲಿ ಕೈ ಹಾಕಿದ್ರೆ ಆ ತೆಳು ಪುಸ್ತಕಗಳು ಈಗಲೂ ಸಿಗುತ್ವೆ. ಈಗ ನಗರದ ಹಾಲ್‌ಗಳಲ್ಲಿ ಇಂಗ್ಲಿಷೇ ಜಾಸ್ತಿ, ನಿಮ್ಮ ಸಿಟ್ಟು ಸರಿಯಾಗೇ ಇದೆ. ನಿಮ್ಮೂರ ಡಿಗ್ರಿ ಕಾಲೇಜಿನ ಮೇಷ್ಟ್ರನ್ನ ತಿಂಗಳಿಗೊಂದು ಸಂಜೆ ಲೈಬ್ರರಿಗೆ ಕರೀರಿ, ಬರಲ್ಲ ಅನ್ನೋರು ಕಡಿಮೆ.

ಪ್ರಶ್ನೆ: ಪ್ರಶ್ನೆ ಕೇಳೋಕೆ ಮೈಕ್ ಕೊಟ್ರೆ ಕೆಲವರು ಹತ್ತು ನಿಮಿಷ ಭಾಷಣ ಬಿಗೀತಾರೆ, ಏನ್ ಮಾಡೋದು?

ಉತ್ತರ: ಅವರಿಗಿಂತ ಮೊದಲು ನೀವು ಕೈ ಎತ್ತಿ.