ವಯಸ್ಸಿನ ಫಲವೋ, ಹುಟ್ಟಿದ ಕಾಲದ ಫಲವೋ?

ಮಾನ್ಯರೇ,

ಅಮೆರಿಕದ ಸಮೀಕ್ಷೆಯೊಂದರಲ್ಲಿ ವಯಸ್ಸು ಏರಿದಂತೆ ಸಲಿಂಗ ವಿವಾಹಕ್ಕೆ ವಿರೋಧವೂ ಏರಿರುವುದನ್ನು ಉಲ್ಲೇಖಿಸಿ, ‘ವಯಸ್ಸಾದಂತೆ ಜನ ಸಂಪ್ರದಾಯದತ್ತ ವಾಲುತ್ತಾರೆ ಎನ್ನಲು ಇಷ್ಟು ಸಾಕಲ್ಲವೇ?’ ಎಂದು ಕೇಳಿದ್ದೀರಿ. ಸಾಲದು. ಒಂದೇ ವರ್ಷದ ಕೋಷ್ಟಕದಲ್ಲಿರುವ 25ರ ಹರೆಯದವರೂ 65ರ ಹಿರಿಯರೂ ಬೇರೆ ಬೇರೆ ಜನ; ಅವರ ನಡುವೆ ವಯಸ್ಸಿನ ಅಂತರವಿರುವಂತೆಯೇ ಬೆಳೆದ ಕಾಲದ, ಪಡೆದ ಶಿಕ್ಷಣದ ಅಂತರವೂ ಇದೆ. ಯೌವನದ ಅನುಭವಗಳು ಒಂದು ಪೀಳಿಗೆಯ ದೃಷ್ಟಿಯನ್ನು ರೂಪಿಸುತ್ತವೆ ಎಂದು ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ವಾದಿಸಿದ್ದರು.

ನೀವು ಎತ್ತಿಕೊಂಡ ವಿಷಯವನ್ನೇ ನೋಡೋಣ. ಅಮೆರಿಕದ ಗ್ಯಾಲಪ್ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಬೇಕೆಂದವರು 1996ರಲ್ಲಿ ಶೇ. 27ರಷ್ಟಿದ್ದರು, 2021ರಲ್ಲಿ ಶೇ. 70ರಷ್ಟಾದರು. ಮೊದಲ ಸಮೀಕ್ಷೆಯ ಹೊತ್ತಿಗೆ 40 ತುಂಬಿದ್ದವರಿಗೆ ಎರಡನೆಯದರ ಹೊತ್ತಿಗೆ 65. ಹಿರಿಯರು ತೀರಿಕೊಂಡು ಕಿರಿಯರು ಸೇರಿಕೊಂಡದ್ದರಿಂದ ಮಾತ್ರ ಇಷ್ಟು ದೊಡ್ಡ ಏರಿಕೆ ಆಗಲಾರದು. ವಯಸ್ಸಾಗುತ್ತ ಬಂದವರಲ್ಲೂ ಬಹಳಷ್ಟು ಜನ ಮನಸ್ಸು ಬದಲಿಸಿದ್ದಾರೆ, ಅದೂ ನಿಮ್ಮ ಊಹೆಗೆ ವಿರುದ್ಧವಾದ ದಿಕ್ಕಿನಲ್ಲಿ.

ಹಾಗೆಂದು ಹಲವು ವರ್ಷಗಳ ಸಮೀಕ್ಷೆಗಳನ್ನು ಜೋಡಿಸಿದ ಮಾತ್ರಕ್ಕೆ ಎಲ್ಲವೂ ಬಗೆಹರಿಯುವುದಿಲ್ಲ. ಸಮೀಕ್ಷೆಯ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆದರೆ ವಯಸ್ಸು ಸಿಗುತ್ತದೆ. ಎರಡು ಗೊತ್ತಾದರೆ ಮೂರನೆಯದು ತಾನಾಗಿ ಗೊತ್ತಾಗುವುದರಿಂದ, ವಯಸ್ಸು, ಕಾಲ (ಸಮೀಕ್ಷೆಯ ವರ್ಷ), ಪೀಳಿಗೆ (ಹುಟ್ಟಿದ ವರ್ಷ) ಈ ಮೂರರ ಪ್ರಭಾವಗಳನ್ನು ಅಂಕಿಗಳಿಂದಷ್ಟೇ ಬೇರ್ಪಡಿಸಲಾಗದು. ಎಷ್ಟು ಲಕ್ಷ ಜನರನ್ನು ಮಾತನಾಡಿಸಿದರೂ, ಅದೇ ವ್ಯಕ್ತಿಗಳನ್ನು ವರ್ಷವರ್ಷವೂ ಮತ್ತೆ ಪ್ರಶ್ನಿಸಿದರೂ ಈ ತೊಡಕು ಉಳಿಯುತ್ತದೆ. ಹುಟ್ಟಿದ ವರ್ಷಗಳನ್ನು ಐದೋ ಹತ್ತೋ ವರ್ಷಗಳ ಗುಂಪು ಮಾಡಿ ಲೆಕ್ಕ ಹಾಕಿದಾಗ ಉತ್ತರ ಸಿಕ್ಕಂತೆ ಕಾಣುವುದುಂಟು. ಆದರೆ ಗುಂಪಿನ ಅಗಲ ಬದಲಿಸಿದರೆ ಉತ್ತರವೂ ಬದಲಾಗಬಹುದು. ಇದನ್ನು ಹೇಳದೆ ಫಲಿತಾಂಶವನ್ನಷ್ಟೇ ಮುಂದಿಡುವುದು ಓದುಗರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. ಯಾವ ಪ್ರಭಾವವನ್ನು ಶೂನ್ಯವೆಂದು ಭಾವಿಸಿದ್ದೇವೆ, ಏಕೆ ಎಂಬುದನ್ನು ವಿಶ್ಲೇಷಕರು ಮೊದಲೇ ತಿಳಿಸಬೇಕು.

ಇನ್ನೊಂದು ಅಂಶ: 85 ದಾಟಿದವರ ಉತ್ತರಗಳು ಅಷ್ಟು ಕಾಲ ಬದುಕುಳಿದವರ ಉತ್ತರಗಳು. ಹೆಚ್ಚು ಓದಿದವರು, ಉಳ್ಳವರು ಸರಾಸರಿಯಲ್ಲಿ ಹೆಚ್ಚು ಕಾಲ ಬದುಕುವುದರಿಂದ, ಯಾರೊಬ್ಬರ ಅಭಿಪ್ರಾಯ ಬದಲಾಗದಿದ್ದರೂ ಆ ಪೀಳಿಗೆಯ ಸರಾಸರಿ ಬದಲಾಗಬಲ್ಲದು.

ನಿಮ್ಮ ಬಳಿಯಿರುವ ಸಮೀಕ್ಷೆಯ ಹಿಂದಿನ ಸುತ್ತುಗಳು ಲಭ್ಯವಿದ್ದರೆ, ಹತ್ತು ವರ್ಷಗಳ ಹಿಂದಿನ ನಲವತ್ತರವರನ್ನು ಇಂದಿನ ಐವತ್ತರವರ ಪಕ್ಕದಲ್ಲಿಟ್ಟು ನೋಡಿ. ಅದಕ್ಕೂ ಮೊದಲು ಎರಡೂ ಸುತ್ತುಗಳಲ್ಲಿ ಪ್ರಶ್ನೆಯ ಮಾತುಗಳು ಒಂದೇ ಆಗಿವೆಯೇ ಎಂದು ಪರಿಶೀಲಿಸಿ. ಅವು ಬೇರೆಯಾಗಿದ್ದರೆ ಹೋಲಿಕೆ ನಿಲ್ಲುವುದಿಲ್ಲ.

— ಸಂಪಾದಕ