ಲ್ಯಾನ್ ಕಾರ್ಡ್ ಹಾಕಿದ ಮೇಲೆ ವಿಂಡೋಸ್ 98ರಲ್ಲಿ ಸೌಂಡ್ ಬ್ಲಾಸ್ಟರ್ 16 ಸೌಂಡ್ ಕಾರ್ಡ್ ಸದ್ದೇ ಮಾಡುತ್ತಿಲ್ಲ, ಏನು ಮಾಡಲಿ?

ದಯವಿಟ್ಟು ವಿಂಡೋಸನ್ನು ಮೂರನೇ ಸಲ ಇನ್‌ಸ್ಟಾಲ್ ಮಾಡಬೇಡಿ. ಡ್ರೈವರ್ ಹುಡುಕುವುದನ್ನೂ ಬಿಡಿ, ಡ್ರೈವರ್‌ದೇನೂ ತಪ್ಪಿಲ್ಲ. ನೀವು ಬರೆದಿದ್ದರಲ್ಲೇ ಎಲ್ಲಾ ಇದೆ: ಪೆಂಟಿಯಂ 2 ಯಂತ್ರದಲ್ಲಿ ಕಾರ್ಡು ಚೆನ್ನಾಗೇ ಹಾಡುತ್ತಿತ್ತು, ಫೈಲ್ ಸಾಗಿಸೋಕೆ ಅಂತ ಪಿಸಿಐ ಲ್ಯಾನ್ ಕಾರ್ಡ್ ಸಿಕ್ಕಿಸಿದಿರಿ, ಅವತ್ತಿಂದ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು. ಡಾಸ್ ಗೇಮಲ್ಲಿ ಮ್ಯೂಸಿಕ್ ಸರಾಗವಾಗಿ ಬರುತ್ತೆ, ಗುಂಡಿನ ಸದ್ದು ಮಾತ್ರ ಒಂದೇ ಚೂರು ಢ-ಢ-ಢ ಅಂತ ಸಿಕ್ಕಿಹಾಕಿಕೊಳ್ಳುತ್ತೆ.

ಆ ಢ-ಢ-ಢ ಇದೆಯಲ್ಲ, ಅದೇ ಮುಖ್ಯ ಸುಳಿವು. ಸೌಂಡ್ ಬ್ಲಾಸ್ಟರ್ 16 ಒಳಗೆ ಎರಡು ಬೇರೆ ಬೇರೆ ವಾದ್ಯಗಳಿವೆ ಅಂದುಕೊಳ್ಳಿ. ಗೇಮಿನ ಮ್ಯೂಸಿಕ್ ಬರೋದು ಎಫ್‌ಎಂ ಸಿಂಥಸೈಜರ್‌ನಿಂದ. ಅದಕ್ಕೆ 388 ಅನ್ನೋ ಪೋರ್ಟಿಗೆ ಸಂಖ್ಯೆಗಳನ್ನು ಬರೆದರೆ ಸಾಕು, ಐಆರ್‌ಕ್ಯೂ (ಪ್ರೊಸೆಸರನ್ನು ಕರೆಯೋ ತಂತಿ) ಬೇಡ, ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಮೆಮೊರಿಯಿಂದ ಡೇಟಾ ಸಾಗಿಸೋ ದಾರಿ) ಬೇಡ. ಗುಂಡಿನ ಸದ್ದು, ಮಾತು, ವಿಂಡೋಸಿನ ಟಿಂಗ್ ಎಲ್ಲಾ ಡಿಜಿಟಲ್. ಡಿಎಂಎ ಚಾನೆಲ್ ಮೆಮೊರಿಯಿಂದ ಒಂದು ಚೂರು ಸದ್ದನ್ನು ತಂದು ಕಾರ್ಡಿಗೆ ಸುರಿಯುತ್ತೆ. ಅದು ಮುಗಿದ ಕೂಡಲೇ ಕಾರ್ಡು ಐಆರ್‌ಕ್ಯೂ ಮೂಲಕ ಪ್ರೊಸೆಸರ್‌ಗೆ "ಆಯ್ತು, ಮುಂದಿನದು ತಾ" ಅಂತ ಬೆಲ್ ಒತ್ತುತ್ತೆ. ನಿಮ್ಮಲ್ಲಿ ಚೂರು ಬರ್ತಿದೆ, ಅಂದರೆ ಡಿಎಂಎ ಸರಿಯಿದೆ. ಬೆಲ್ ಕೇಳಿಸ್ತಿಲ್ಲ. ಹಾಗಾಗಿ ಅದೇ ಚೂರು ಸುತ್ತುತ್ತಾ ಇದೆ.

ಬೆಲ್ ಯಾಕೆ ಕೇಳಿಸ್ತಿಲ್ಲ ಅಂದರೆ, ಅದೇ ತಂತಿಗೆ ಲ್ಯಾನ್ ಕಾರ್ಡೂ ಬಂದು ಕೂತಿದೆ. ನಿಮ್ಮ ಸೌಂಡ್ ಕಾರ್ಡಿನ ಮೇಲೆ ಸಿಟಿ2230 ಅಂತಿದೆ ಅಂದಿರಿ. ಅದು ಜಂಪರ್ (ಪಿನ್ನುಗಳ ಮೇಲೆ ಸಿಕ್ಕಿಸೋ ಪುಟ್ಟ ಕ್ಲಿಪ್ಪು) ಇರೋ ಹಳೇ ಐಎಸ್‌ಎ (ಪಿಸಿಐಗಿಂತ ಹಿಂದಿನ ನಮೂನೆಯ ಸ್ಲಾಟು) ಕಾರ್ಡು, ಪ್ಲಗ್ ಅಂಡ್ ಪ್ಲೇ ಅಲ್ಲ. "ನಾನಿಲ್ಲಿದ್ದೀನಿ, 5ನೇ ಐಆರ್‌ಕ್ಯೂ ನನ್ನದು" ಅಂತ ಬಯೋಸ್‌ಗೆ (ವಿಂಡೋಸಿಗೂ ಮುಂಚೆ ಓಡೋ ಮದರ್‌ಬೋರ್ಡಿನ ಪ್ರೋಗ್ರಾಮು) ತಾನಾಗಿ ಹೇಳಿಕೊಳ್ಳೋ ಬುದ್ಧಿ ಅದಕ್ಕಿಲ್ಲ. ಬಯೋಸ್ ಪಾಪ 5 ಖಾಲಿ ಇದೆ ಅಂದುಕೊಂಡು ಹೊಸದಾಗಿ ಬಂದ ಲ್ಯಾನ್ ಕಾರ್ಡಿಗೆ ಕೊಟ್ಟುಬಿಟ್ಟಿದೆ. ಪಿಸಿಐ ಕಾರ್ಡುಗಳು ತಮ್ಮತಮ್ಮಲ್ಲಿ ಒಂದು ಐಆರ್‌ಕ್ಯೂ ಹಂಚಿಕೊಂಡು ಬಾಳುತ್ತವೆ, ಐಎಸ್‌ಎ ಕಾರ್ಡಿನ ಜೊತೆ ಆಗಿಬರಲ್ಲ.

2001ರಲ್ಲಿ ನಾನು ಮೈಸೂರಿನ ಒಂದು ಅಸೆಂಬ್ಲಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬೆಂಗಳೂರಿನ ಎಸ್.ಪಿ. ರೋಡಿಂದ ಮಾಲು ತಂದು ಜೋಡಿಸಿ ಕೊಡೋ ಅಂಗಡಿ. ಒಂದು ಸೈಬರ್ ಕೆಫೆಯ ಆರು ಯಂತ್ರಗಳಿಗೆ ಲ್ಯಾನ್ ಕಾರ್ಡ್ ಹಾಕಿ ಬಂದೆ, ಮಾರನೇ ದಿನ ಬೆಳಿಗ್ಗೆ ಮಾಲೀಕರ ಫೋನು: ನಾಲ್ಕರಲ್ಲಿ ಸೌಂಡಿಲ್ಲ. ನಾನೂ ನಿಮ್ಮ ಹಾಗೇ ರಾತ್ರಿಯೆಲ್ಲಾ ಕೂತು ವಿಂಡೋಸ್ ಹಾಕಿದೆ. ಒಂದು ಯಂತ್ರಕ್ಕೆ ಮೂರು ಸಲ. ಕೊನೆಗೆ ಅಂಗಡಿಯ ಹಿರಿಯ ಮೆಕ್ಯಾನಿಕ್ ಬಂದವರು ಸಿಡಿ ಮುಟ್ಟಲಿಲ್ಲ, ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಯಂತ್ರ ಆನ್ ಮಾಡಿ, ವಿಂಡೋಸ್ ಬರೋಕೆ ಮುಂಚೆ ಕಪ್ಪು ಪರದೆಯಲ್ಲಿ ಒಂದು ಪಟ್ಟಿ ಮಿಂಚಿ ಹೋಗುತ್ತಲ್ಲ, ಅಷ್ಟರಲ್ಲಿ ಪಾಸ್ (Pause) ಕೀ ಒತ್ತಿ ನಿಲ್ಲಿಸಿದರು. "ಓದೋ" ಅಂದರು. ಪಿಸಿಐ ಡಿವೈಸ್‌ಗಳ ಪಟ್ಟಿ, ಬಲತುದಿಯಲ್ಲಿ ಐಆರ್‌ಕ್ಯೂ ಕಾಲಮ್ಮು. ನೆಟ್‌ವರ್ಕ್ ಕಂಟ್ರೋಲರ್ ಎದುರಿಗೆ 5. ಕೀಬೋರ್ಡಿನಲ್ಲಿ ಪಾಸ್ ಅನ್ನೋ ಕೀ ಯಾತಕ್ಕಿದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ನೀವೂ ಮೊದಲು ಅದನ್ನೇ ಮಾಡಿ. 5 ಕಂಡರೆ ಖಾತ್ರಿ. ಆಮೇಲೆ ಡಿಲೀಟ್ ಒತ್ತಿ ಬಯೋಸ್‌ಗೆ ಹೋಗಿ, ಅವಾರ್ಡ್ ಬಯೋಸ್ ಆದರೆ ಪಿಎನ್‌ಪಿ/ಪಿಸಿಐ ಕಾನ್ಫಿಗರೇಶನ್ ಅನ್ನೋ ಪುಟ ಇರುತ್ತೆ. ಅಲ್ಲಿ ರಿಸೋರ್ಸಸ್ ಕಂಟ್ರೋಲ್ಡ್ ಬೈ ಅನ್ನೋದನ್ನ ಆಟೋದಿಂದ ಮ್ಯಾನ್ಯುಯಲ್‌ಗೆ ಬದಲಾಯಿಸಿದರೆ ಐಆರ್‌ಕ್ಯೂಗಳ ಸಾಲು ತೆರೆದುಕೊಳ್ಳುತ್ತೆ. ಐಆರ್‌ಕ್ಯೂ 5ಕ್ಕೆ ಲೆಗಸಿ ಐಎಸ್‌ಎ ಅಂತ ಕೊಡಿ. ಹಾಗೇ ಡಿಎಂಎ 1 ಮತ್ತು 5ಕ್ಕೂ. ಒಂದು ಡಿಎಂಎ 8 ಬಿಟ್ ಸದ್ದಿಗೆ, ಇನ್ನೊಂದು 16 ಬಿಟ್‌ಗೆ. ಹೆಸರಿನ 16 ಅಂದರೆ ಅದೇ. ರೀಸೆಟ್ ಕಾನ್ಫಿಗರೇಶನ್ ಡೇಟಾ ಅನ್ನೋದನ್ನ ಎನೇಬಲ್ ಮಾಡೋದು ಮರೀಬೇಡಿ, ಇಲ್ಲದಿದ್ದರೆ ಹಳೇ ಹಂಚಿಕೆಯನ್ನೇ ಹಿಡಿದುಕೊಂಡು ಕೂತುಬಿಡಬಹುದು. ಸೇವ್ ಮಾಡಿ ಹೊರಬಂದು ಮತ್ತೆ ಪಾಸ್ ಒತ್ತಿ ನೋಡಿ, ಲ್ಯಾನ್ ಕಾರ್ಡು 10ಕ್ಕೋ 11ಕ್ಕೋ ಹೋಗಿರಬೇಕು. ಹಟ ಮಾಡಿದರೆ ಅದನ್ನ ಪಕ್ಕದ ಪಿಸಿಐ ಸ್ಲಾಟಿಗೆ ಹಾಕಿ, ಸ್ಲಾಟ್ ಬದಲಾದರೆ ಸಾಮಾನ್ಯವಾಗಿ ತಂತಿಯೂ ಬದಲಾಗುತ್ತೆ.

ಯಂತ್ರ ಆಫ್ ಮಾಡಿ ಆನ್ ಮಾಡಿದಾಗ ಗಡಿಯಾರ ಹಿಂದಕ್ಕೆ ಹೋಗಿದ್ದರೆ, ಸೆಲ್ ಸತ್ತಿದೆ, ಬಯೋಸ್ ಸೆಟ್ಟಿಂಗ್ ಉಳಿಯಲ್ಲ, ಇಷ್ಟೆಲ್ಲಾ ಮಾಡಿದ್ದು ನೀರಲ್ಲಿ ಹೋಮ. ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಾಯಿಸಿ ಆಮೇಲೆ ಶುರುಮಾಡಿ.

ವಿಂಡೋಸ್ ಕಡೆ ಕೆಲಸ ಜಾಸ್ತಿ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಸೌಂಡ್ ಬ್ಲಾಸ್ಟರನ್ನ ರಿಮೂವ್ ಮಾಡಿ, ಕಂಟ್ರೋಲ್ ಪ್ಯಾನೆಲ್ಲಿನ ಆಡ್ ನ್ಯೂ ಹಾರ್ಡ್‌ವೇರ್ ಓಡಿಸಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್ 98ರ ಸಿಡಿಯಲ್ಲೇ ಇದೆ. ಆದಮೇಲೆ ಮ್ಯಾನೇಜರ್‌ನ ತುದಿಯಲ್ಲಿರೋ ಕಂಪ್ಯೂಟರ್ ಅನ್ನೋದರ ಪ್ರಾಪರ್ಟೀಸ್ ತೆಗೆದರೆ 0ಯಿಂದ 15ರವರೆಗಿನ ಐಆರ್‌ಕ್ಯೂ ಪಟ್ಟಿ ಕಾಣುತ್ತೆ. 5ರ ಎದುರು ಸೌಂಡ್ ಬ್ಲಾಸ್ಟರ್ ಒಂದೇ ಇರಬೇಕು.

ಡಾಸ್‌ಗೆ ಆಟೋಎಕ್ಸೆಕ್ ಫೈಲಿನಲ್ಲಿ (ಯಂತ್ರ ಆನ್ ಆದಾಗ ತಾನಾಗಿ ಓಡೋ ಆದೇಶಗಳ ಪಟ್ಟಿ) ಒಂದು ಸಾಲು ಬೇಕು: ಸೆಟ್ ಬ್ಲಾಸ್ಟರ್ ಈಕ್ವಲ್ ಟು ಎ220 ಐ5 ಡಿ1 ಎಚ್5 ಪಿ330 ಟಿ6. (ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲೇ.) ಎ ಅಂದರೆ ಪೋರ್ಟು, ಐ ಅಂದರೆ ಐಆರ್‌ಕ್ಯೂ, ಡಿ ಮತ್ತು ಎಚ್ ಎರಡು ಡಿಎಂಎಗಳು, ಪಿ ಮಿಡಿ ಪೋರ್ಟು, ಟಿ6 ಅಂದರೆ ಕಾರ್ಡಿನ ಜಾತಿ. ಗೇಮುಗಳು ಈ ಸಾಲನ್ನೇ ನಂಬುತ್ತವೆ. ಸಿಟಿ2230ರಲ್ಲಿ ಇನ್ನೊಂದು ವಿಚಿತ್ರ ಇದೆ: ಪೋರ್ಟು ಜಂಪರ್‌ನಲ್ಲಿ, ಐಆರ್‌ಕ್ಯೂ ಡಿಎಂಎ ಮಾತ್ರ ಸಾಫ್ಟ್‌ವೇರಿನಲ್ಲಿ. ಹಾಗಾಗಿ ಆ ಸಾಲಿನ ಕೆಳಗೆ ಕಾರ್ಡಿನ ಜೊತೆ ಬಂದ ಡಯಾಗ್ನೋಸ್ ಪ್ರೋಗ್ರಾಮನ್ನ ಸ್ಲ್ಯಾಶ್ ಎಸ್ ಹಾಕಿ ಕರೀಬೇಕು, ಮೇಲಿನ ಅಂಕಿಗಳನ್ನ ಕಾರ್ಡಿಗೆ ಒಪ್ಪಿಸೋದು ಅದೇ. ಸಾಲುಗಳು ಹಿಂದುಮುಂದಾದರೆ ಕೆಲಸ ಮಾಡಲ್ಲ.

ಆಡಿಯೋ ಸಿಡಿ ಹಾಕಿದರೆ ಹಾಡು ಬರುತ್ತೆ, ಆದ್ದರಿಂದ ಕಾರ್ಡು ಸರಿಯಿದೆ ಅಂತ ಕೆಳಗೊಬ್ಬರು ಹೇಳಿದ್ದಾರೆ. ಅದು ಪರೀಕ್ಷೆಯೇ ಅಲ್ಲ. ಸಿಡಿ ಡ್ರೈವಿಂದ ಕಾರ್ಡಿಗೆ ಒಂದು ಸಣ್ಣ ನಾಲ್ಕು ಪಿನ್ನಿನ ಅನಲಾಗ್ ವೈರು ಹೋಗಿರುತ್ತೆ, ಹಾಡು ಅದರಲ್ಲೇ ಸೀದಾ ಬರುತ್ತೆ, ಐಆರ್‌ಕ್ಯೂ ಬೇಕೇ ಇಲ್ಲ. ಅದರಿಂದ ತಿಳಿಯೋದು ನಿಮ್ಮ ಸ್ಪೀಕರ್ ಮತ್ತು ಮಿಕ್ಸರ್ ಸರಿಯಿವೆ ಅಂತ, ಅಷ್ಟೇ.

ಕಾರ್ಡು ಹೊರಗೆ ತೆಗೆದರೆ ಬಂಗಾರದ ಬಣ್ಣದ ಹಲ್ಲುಗಳನ್ನ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಪೂರ್ತಿ ಒರೆಸಿ ಹಾಕಿ. ಮತ್ತೂ ಸದ್ದು ಬರದಿದ್ದರೆ ಪಾಸ್ ಒತ್ತಿ ನಿಲ್ಲಿಸಿದ ಆ ಪಟ್ಟಿಯ ಫೋಟೋ ತೆಗೆದು ಇಲ್ಲೇ ಹಾಕಿ, ನೋಡ್ತೀನಿ.