ಸಂಪಾದಕರ ಉತ್ತರ: ಇಡೀ ಜೀವನ ಬೇಡ, ಒಂದು ದಿನ ಸಾಕು

ಮದ್ದೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಇದು: ‘ನನ್ನ ಐದನೇ ತರಗತಿಯಲ್ಲಿ 28 ಮಕ್ಕಳಿದ್ದಾರೆ. ಸ್ವಾತಂತ್ರ್ಯ ದಿನಕ್ಕೆ ರಾಷ್ಟ್ರನಾಯಕರ ಬಗ್ಗೆ ಪ್ರಾಜೆಕ್ಟ್ ಮಾಡಿಸಬೇಕು. ಹೋದ ವರ್ಷ ಬಂದ ಚಾರ್ಟುಗಳಲ್ಲಿ ಹೆಚ್ಚಿನವು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಂಟಿಸಿದವು. ಹುಟ್ಟಿದ್ದು, ಓದಿದ್ದು, ಜೈಲಿಗೆ ಹೋಗಿದ್ದು, ತೀರಿಕೊಂಡಿದ್ದು, ಎಲ್ಲದರಲ್ಲೂ ಅದೇ ಸಾಲುಗಳು. ಒಂದು ಪ್ರಶ್ನೆ ಕೇಳಿದರೆ ಮಕ್ಕಳು ತಲೆ ತಗ್ಗಿಸುತ್ತಿದ್ದರು. ಹತ್ತು ವರ್ಷದ ಮಕ್ಕಳಿಂದ ನಿಜವಾದ ಹುಡುಕಾಟ ಮಾಡಿಸಲು ಸಾಧ್ಯವೇ? ನಮ್ಮ ಕಡೆ ವಿಶ್ವೇಶ್ವರಯ್ಯನವರ ಮೇಲೆ ಭಾರಿ ಅಭಿಮಾನ. ಅವರನ್ನು ರಾಷ್ಟ್ರನಾಯಕರ ಸಾಲಿಗೆ ಸೇರಿಸಬಹುದೇ? ಇನ್ನೂ ಸರಿಯಾಗಿ ಓದಲು ಬಾರದ ನಾಲ್ಕೈದು ಮಕ್ಕಳಿದ್ದಾರೆ, ಅವರಿಗೆ ಏನು ಕೊಡಲಿ?’

ಸಾಧ್ಯ ಮೇಡಂ, ಖಂಡಿತ ಸಾಧ್ಯ. ತೊಂದರೆ ಮಕ್ಕಳಲ್ಲಿ ಇಲ್ಲ, ನಾವು ಕೊಡುವ ವಿಷಯದಲ್ಲಿದೆ. ‘ಗಾಂಧೀಜಿಯವರ ಬಗ್ಗೆ ಬರೆದು ತಾ’ ಎಂದರೆ 78 ವರ್ಷದ ಬದುಕನ್ನು ಒಂದು ಹಾಳೆಗೆ ಇಳಿಸಬೇಕು. ಅದು ದೊಡ್ಡವರಿಂದಲೇ ಆಗದ ಕೆಲಸ. ಮಗು ನಕಲು ಮಾಡದೆ ಇನ್ನೇನು ಮಾಡೀತು? ಹಾಗಾಗಿ ಮಕ್ಕಳಿಗೆ ವ್ಯಕ್ತಿಯ ಹೆಸರು ಕೊಡಬೇಡಿ. ಅವರ ಬದುಕಿನ ಒಂದು ದಿನವನ್ನೋ ಒಂದು ಕೆಲಸವನ್ನೋ ಆರಿಸಿ, ಅದರ ಮೇಲೆ ಒಂದು ಪ್ರಶ್ನೆ ಕೊಡಿ.

28 ಮಕ್ಕಳನ್ನು ನಾಲ್ಕು ನಾಲ್ಕು ಮಂದಿಯ ಏಳು ಗುಂಪು ಮಾಡಿ. ಏಳು ಪ್ರಶ್ನೆಗಳಲ್ಲಿ ಮೂರಾದರೂ ಹತ್ತಿರದವು ಇರಲಿ. ನಿಮ್ಮ ಊರಿನ ಮಗ್ಗುಲಲ್ಲೇ ಶಿವಪುರ ಇದೆ: 1938ರಲ್ಲಿ ಅಲ್ಲಿ ಬಾವುಟ ಹಾರಿಸಲು ಯಾರು ಬಿಡಲಿಲ್ಲ, ಏಕೆ? ಮೈಸೂರಿನಲ್ಲಿ ರಾಮಸ್ವಾಮಿ ವೃತ್ತ ಇದೆ: ಆಗಸ್ಟ್ 15ಕ್ಕೇ ಸ್ವಾತಂತ್ರ್ಯ ಬಂದಿದ್ದರೂ 1947ರ ಸೆಪ್ಟೆಂಬರಿನಲ್ಲಿ ಆ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದದ್ದು ಏಕೆ? ಮೂರನೆಯದು ಕನ್ನಂಬಾಡಿ ಕಟ್ಟೆ. ಉಳಿದ ನಾಲ್ಕು ದೂರದವಾಗಲಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಏನಾಯಿತು? 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಕೆರೆಯ ನೀರು ಕುಡಿದದ್ದು ಏಕೆ ದೊಡ್ಡ ಸುದ್ದಿಯಾಯಿತು? 1941ರ ಜನವರಿಯಲ್ಲಿ ಸುಭಾಷರು ಕಲ್ಕತ್ತೆಯ ಮನೆಯಿಂದ ವೇಷ ಮರೆಸಿಕೊಂಡು ಹೊರಟದ್ದು ಹೇಗೆ? ದಂಡಿಗೆ ನಡೆದವರಲ್ಲಿ ಕನ್ನಡಿಗರು ಯಾರಾದರೂ ಇದ್ದರೇ? ಮೈಲಾರ ಮಹಾದೇವಪ್ಪ ಇದ್ದರು. ಆ ಹೆಸರನ್ನು ನೀವು ಹೇಳಬೇಡಿ, ಮಕ್ಕಳೇ ಹುಡುಕಲಿ. ಸಿಕ್ಕ ದಿನ ಅವರ ಮುಖ ನೋಡಿ.

ಮೂರು ವಾರ ಸಾಕು. ಮೊದಲ ವಾರ ಚಾರ್ಟಿನ ಮಾತೇ ಎತ್ತಬೇಡಿ. ಪ್ರತಿ ಮಗುವೂ ಒಂದು ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ‘ಏನು ಗೊತ್ತಾಯಿತು’, ಬಲಕ್ಕೆ ‘ಯಾರು ಹೇಳಿದರು’ ಎಂದು ಬರೆದುಕೊಳ್ಳಲಿ. ಬಲಗಡೆ ಪುಸ್ತಕದ ಹೆಸರು, ಪುಟದ ಸಂಖ್ಯೆ, ಇಲ್ಲವೇ ಹೇಳಿದವರ ಹೆಸರು ಬರಬೇಕು. ‘ಗೂಗಲ್’ ಎಂದಷ್ಟೇ ಬರೆದರೆ ಒಪ್ಪಬೇಡಿ. ಯಾವ ಪುಟ ತೆರೆಯಿತೋ ಅದರ ಹೆಸರು ಬರೆಯಲಿ. ಬಲಗಡೆ ಖಾಲಿ ಬಿಟ್ಟ ಸಾಲು ಚಾರ್ಟಿಗೆ ಹೋಗಕೂಡದು. ಈ ಒಂದು ಕಟ್ಟುನಿಟ್ಟಿನಿಂದಲೇ ಜೆರಾಕ್ಸ್ ಅಂಗಡಿಯ ದಾರಿ ಮುಚ್ಚುತ್ತದೆ, ಏಕೆಂದರೆ ಅಲ್ಲಿ ಕೊಡುವ ಹಾಳೆಗೆ ಬಲಗಡೆಯ ಕಾಲಂ ಇರುವುದಿಲ್ಲ.

ಪ್ರತಿ ಮುಖ್ಯ ಸಂಗತಿಯೂ ಎರಡು ಕಡೆ ಸಿಗಬೇಕು, ಅದರಲ್ಲಿ ಒಂದು ಕಾಗದದ ಮೇಲಿನದು. ಮೊಬೈಲಿನಲ್ಲಿ ಎರಡು ಕಡೆ ಒಂದೇ ವಾಕ್ಯ ಅಕ್ಷರಶಃ ಸಿಕ್ಕರೆ ಅದನ್ನು ಒಂದೇ ಎಂದು ಲೆಕ್ಕ ಹಿಡಿಯಿರಿ, ಒಬ್ಬರದನ್ನು ಇನ್ನೊಬ್ಬರು ಎತ್ತಿರುತ್ತಾರೆ. ಭಗತ್ ಸಿಂಗರನ್ನು ಫೆಬ್ರವರಿ 14ರಂದು ಗಲ್ಲಿಗೇರಿಸಿದರು ಎಂಬ ಸುಳ್ಳು ಪ್ರತಿ ವರ್ಷ ವಾಟ್ಸ್ಆ್ಯಪಿನಲ್ಲಿ ಸುತ್ತುವುದು ಹೀಗೆಯೇ. ಅವರು, ಸುಖದೇವ್, ರಾಜಗುರು ಮೂವರೂ ಗಲ್ಲಿಗೇರಿದ್ದು 1931ರ ಮಾರ್ಚ್ 23ರಂದು, ಲಾಹೋರಿನಲ್ಲಿ. ಇನ್ನು ಎರಡು ಪುಸ್ತಕಗಳು ಎರಡು ಇಸವಿ ಹೇಳುವುದೂ ಉಂಟು. ಝಾನ್ಸಿ ರಾಣಿ ಹುಟ್ಟಿದ್ದು 1828 ಎಂದು ಕೆಲವರು, 1835 ಎಂದು ಕೆಲವರು ಬರೆಯುತ್ತಾರೆ. ಆಗ ಮಗು ಎರಡನ್ನೂ ಬರೆಯಲಿ, ಒಂದನ್ನು ಅಳಿಸಿ ಹಾಕುವುದು ಬೇಡ.

ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗಿನ ಅರಿವು ಕೇಂದ್ರಕ್ಕೆ, ಮೊದಲು ನೀವೊಮ್ಮೆ ಹೋಗಿ ಯಾವ ಪುಸ್ತಕಗಳಿವೆ ಎಂದು ನೋಡಿಕೊಂಡು ಬನ್ನಿ. ಏಳು ಗುಂಪು ಒಟ್ಟಿಗೆ ನುಗ್ಗಿದರೆ ಒಂದು ಪುಸ್ತಕಕ್ಕೆ ಎಂಟು ಕೈ. ದಿನಕ್ಕೆ ಎರಡು ಗುಂಪಿನಂತೆ ಕಳಿಸಿ. ಊರಿನ ಹಿರಿಯರನ್ನು ಕೇಳುವುದಕ್ಕೂ ಒಂದು ಲೆಕ್ಕ ಇದೆ. 1947ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಆಸುಪಾಸಿನಲ್ಲಿರುತ್ತಾರೆ. ಕಣ್ಣಾರೆ ಕಂಡವರು ಸಿಗುವುದು ಅಪರೂಪ. ಹೆಚ್ಚಿನವರು ‘ನಮ್ಮಪ್ಪ ಹೇಳ್ತಿದ್ರು’ ಎನ್ನುತ್ತಾರೆ. ಅದಕ್ಕೂ ಬೆಲೆ ಇದೆ, ಆದರೆ ನೋಟ್‌ಬುಕ್ಕಿನಲ್ಲಿ ‘ಕಂಡಿದ್ದು’, ‘ಕೇಳಿದ್ದು’ ಎಂದು ಬೇರೆ ಬೇರೆ ಗುರುತು ಹಾಕಿಸಿ.

ಶಿವಪುರದ ಗುಂಪಿಗೆ ಎದುರಾಗುವ ತಪ್ಪುಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಉಳಿದ ಗುಂಪುಗಳಿಗೂ ಅದೇ ದಾರಿ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲಿ ನಡೆಯಿತು. ಟಿ. ಸಿದ್ಧಲಿಂಗಯ್ಯ ಅಧ್ಯಕ್ಷರು. ಬಾವುಟ ಹಾರಿಸಬಾರದೆಂದು ಆಜ್ಞೆ ಹೊರಟಿತ್ತು, ಅದನ್ನು ಮೀರಿ ಹಾರಿಸಿದರು, ಬಂಧನಗಳಾದವು. ಇಷ್ಟು ಎಲ್ಲರಿಗೂ ಸಿಗುತ್ತದೆ. ಮಕ್ಕಳು ಎಡವುವುದು ಇದಾದ ಮೇಲೆ. ‘ಮಂಡ್ಯ ಜಿಲ್ಲೆಯ ಶಿವಪುರದಲ್ಲಿ 1938ರಲ್ಲಿ’ ಎಂದು ಬರೆಯುತ್ತಾರೆ. ಮಂಡ್ಯ ಜಿಲ್ಲೆ ಆದದ್ದೇ 1939ರ ಜುಲೈ 1ರಂದು. ಆಗ ಶಿವಪುರ ಮೈಸೂರು ಜಿಲ್ಲೆಯಲ್ಲಿತ್ತು. ‘ಈಗಿನ ಮಂಡ್ಯ ಜಿಲ್ಲೆಯ’ ಎಂದು ಒಂದು ಪದ ಸೇರಿಸಿದರೆ ಸರಿಹೋಗುತ್ತದೆ. ಆಮೇಲೆ ಚಿತ್ರ. ಮಕ್ಕಳು ಬಾವುಟದ ನಡುವೆ ನೀಲಿ ಅಶೋಕ ಚಕ್ರ ಬರೆದು 24 ಕಡ್ಡಿ ಎಣಿಸಿ ಕೂರಿಸುತ್ತಾರೆ. ಚಕ್ರದ ಬಾವುಟವನ್ನು ಸಂವಿಧಾನ ಸಭೆ ಒಪ್ಪಿದ್ದು 1947ರ ಜುಲೈ 22ರಂದು. ಶಿವಪುರದ ಬಾವುಟದ ನಡುವೆ ಇದ್ದದ್ದು ಚರಕ. ಚರಕ ಬರೆಯುವುದು ಕಷ್ಟ, ರಾಟೆಯ ಗಾಲಿ, ಕದಿರು, ದಾರ ಎಲ್ಲ ಬರಬೇಕು. ಆ ಕಷ್ಟ ಪಡಲಿ ಬಿಡಿ. ಒಮ್ಮೆ ಬರೆದ ಮಗು ಆ ವ್ಯತ್ಯಾಸವನ್ನು ಮರೆಯುವುದಿಲ್ಲ.

ಮೂರನೆಯ ತಪ್ಪು ದೊಡ್ಡದು: ‘ಬ್ರಿಟಿಷರು ಬಂದು ಹಿಡಿದುಕೊಂಡು ಹೋದರು’ ಎನ್ನುವುದು. ಆ ಆಜ್ಞೆ ಮೈಸೂರು ಸಂಸ್ಥಾನದ್ದು, ಪೊಲೀಸರೂ ಸಂಸ್ಥಾನದವರೇ. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ನಮ್ಮ ಗದ್ದೆಗೆ ನೀರು ಕೊಟ್ಟ ಸರ್ಕಾರವೇ ಬಾವುಟ ಬೇಡ ಎಂದಿತ್ತು. ಇದನ್ನು ಹೇಳಿದರೆ ಊರಲ್ಲಿ ಯಾರಾದರೂ ಮುನಿಸಿಕೊಂಡಾರು ಎಂದು ಮುಚ್ಚಿಡಬೇಡಿ. ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಮನೆಯಲ್ಲಿ ಪ್ರೀತಿಯಿಂದ ಸಾಕುವ ಅಜ್ಜನೇ ಒಂದೊಂದು ಸಲ ‘ಹೋಗಬೇಡ’ ಎಂದು ತಡೆದದ್ದನ್ನು ಅದು ಕಂಡಿರುತ್ತದೆ. ಮುಂದಿನದ್ದನ್ನೂ ಹೇಳಿಸಿ: ಅದೇ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು, ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನರೊಡನೆ ಮಾತಾಡಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಮೈಸೂರು ಸಂಸ್ಥಾನ ಬೇರೆ, ಬ್ರಿಟಿಷರು ನೇರವಾಗಿ ಆಳುತ್ತಿದ್ದ ಸೀಮೆ ಬೇರೆ ಎಂಬುದು ತಿಳಿದ ಮಗುವಿಗೆ ರಾಮಸ್ವಾಮಿಯ ಪ್ರಶ್ನೆಯೂ ಬಿಡಿಸಿಕೊಳ್ಳುತ್ತದೆ. 1947ರ ಆಗಸ್ಟಿನಲ್ಲಿ ಬ್ರಿಟಿಷರು ಹೋದರು, ಮೈಸೂರಿನಲ್ಲಿ ಜನರ ಸರ್ಕಾರ ಮಾತ್ರ ಇನ್ನೂ ಬಂದಿರಲಿಲ್ಲ. ‘ಮೈಸೂರು ಚಲೋ’ ಚಳವಳಿ ನಡೆದದ್ದು ಅದಕ್ಕೆ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಈ ಎರಡು ಗುಂಪುಗಳನ್ನು ಒಂದರ ಹಿಂದೆ ಒಂದು ಮಾತಾಡಿಸಿ.

ಶಿವಪುರದ ಸ್ಮಾರಕವಾದ ಸತ್ಯಾಗ್ರಹ ಸೌಧ ನಿಮಗೆ ಹತ್ತಿರ, ಹಳೇ ಬೆಂಗಳೂರು–ಮೈಸೂರು ರಸ್ತೆಯ ಪಕ್ಕವೇ ಇದೆ. ಗುಂಪನ್ನು ಕರೆದುಕೊಂಡು ಹೋದರೆ ಫೋಟೊ ತೆಗೆಯುವ ಮೊದಲು, ಅಲ್ಲಿ ಬರೆದಿರುವುದರಲ್ಲಿ ಐದು ಸಾಲನ್ನು ಇದ್ದ ಹಾಗೆ ಬರೆದುಕೊಳ್ಳಲಿ.

ವಿಶ್ವೇಶ್ವರಯ್ಯನವರ ವಿಚಾರ. ಸೇರಿಸಿ, ಅನುಮಾನವೇ ಬೇಡ. 1955ರಲ್ಲಿ ಭಾರತರತ್ನ ಪಡೆದವರು ಅವರು. ರಾಷ್ಟ್ರನಾಯಕ ಎಂದರೆ ಜೈಲಿಗೆ ಹೋದವರು ಮಾತ್ರ ಎಂಬ ತಿಳಿವಳಿಕೆ ಮಕ್ಕಳಿಗೆ ಬರುವುದು ಬೇಡ. ಆದರೆ ‘ಕೆ.ಆರ್.ಎಸ್. ಕಟ್ಟಿಸಿದವರು ವಿಶ್ವೇಶ್ವರಯ್ಯ’ ಎಂಬ ಒಂದು ಸಾಲಿಗೆ ನಿಲ್ಲಿಸಬೇಡಿ. ಕೆಲಸ ಶುರುವಾದದ್ದು 1911ರಲ್ಲಿ, ಅವರು ಮುಖ್ಯ ಎಂಜಿನಿಯರ್ ಆಗಿದ್ದಾಗ. 1912ರಲ್ಲಿ ದಿವಾನರಾದರು, 1918ರಲ್ಲಿ ಬಿಟ್ಟರು. ಕಟ್ಟೆ ಪೂರ್ತಿಯಾದದ್ದು 1930ರ ದಶಕದ ಮೊದಲಲ್ಲಿ. ಈ ಇಸವಿಗಳನ್ನು ಒಂದು ಗೆರೆಯ ಮೇಲೆ ಗುರುತಿಸಿದ ಮಗು ತಾನಾಗಿಯೇ ಕೇಳುತ್ತದೆ: ಆಮೇಲಿನ ಹತ್ತು ಹನ್ನೆರಡು ವರ್ಷ ಯಾರು ನೋಡಿಕೊಂಡರು? ಗಾರೆ ಯಾರು ಕಲಸಿದರು? ಇಟ್ಟಿಗೆ ಪುಡಿಗೆ ಸುಣ್ಣ ಬೆರೆಸಿದ ಸುರ್ಕಿ ಗಾರೆ ಅದು. ಮುಳುಗಿದ ಹಳೇ ಕನ್ನಂಬಾಡಿಯ ಜನ ಎಲ್ಲಿಗೆ ಹೋದರು? ಇಷ್ಟು ಕೇಳಿದರೆ ಆ ಗುಂಪಿಗೆ ಪೂರ್ತಿ ಅಂಕ ಕೊಡಬಹುದು.

ಚಿತ್ರಗಳ ಬಗ್ಗೆ ಒಂದು ಮಾತು. ಫೋಟೊ ತೆಗೆಯುವ ವಿಧಾನ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಚೆನ್ನಮ್ಮ ತೀರಿಕೊಂಡದ್ದು 1829, ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831. ಅವರ ಫೋಟೊ ಇರಲು ಸಾಧ್ಯವಿಲ್ಲ, ಅಂಗಡಿಯಲ್ಲಿ ಸಿಗುವುದೆಲ್ಲ ಕಲಾವಿದರು ಬರೆದದ್ದು. ಚಿತ್ರದ ಕೆಳಗೆ ‘ಕಲಾವಿದರ ಕಲ್ಪನೆ’ ಎಂದು ಬರೆಸಿ.

ಎರಡನೇ ವಾರ ಬೇಡದ್ದನ್ನು ಕೈಬಿಡುವ ವಾರ. ಬರೆದುಕೊಂಡದ್ದರಲ್ಲಿ ಪ್ರಶ್ನೆಗೆ ಉತ್ತರ ಕೊಡುವ ಸಾಲು ಮಾತ್ರ ಉಳಿಯಲಿ. ಮಕ್ಕಳಿಗೆ ಹೊಡೆದುಹಾಕಲು ಮನಸ್ಸು ಬರುವುದಿಲ್ಲ, ಅದಕ್ಕೆ ಚಾರ್ಟಿನ ಲೆಕ್ಕ ತೋರಿಸಿ. ಅಂಗಡಿಯ ಚಾರ್ಟ್ 22 ಇಂಚು ಅಗಲ, 28 ಇಂಚು ಉದ್ದ, ಅಂದರೆ 56 ಸೆಂ.ಮೀ.ಗೆ 71 ಸೆಂ.ಮೀ. ಹಿಂದಿನ ಬೆಂಚಿಗೆ ಕಾಣಬೇಕಾದರೆ ಅಕ್ಷರ 2 ಸೆಂ.ಮೀ. ಎತ್ತರವಾದರೂ ಬೇಕು. ಕನ್ನಡಕ್ಕೆ ಒತ್ತಕ್ಷರ ಕೆಳಗೆ, ಗುಡಿಸು ಮೇಲೆ ಬರುವುದರಿಂದ ಸಾಲಿಗೆ 4 ಸೆಂ.ಮೀ. ಜಾಗ ಬಿಡಬೇಕು. ಬಿಡದಿದ್ದರೆ ಮೇಲಿನ ಸಾಲಿನ ‘ಷ್ಟ್ರ’ ಕೆಳಗಿನ ಸಾಲಿನ ‘ಕೀ’ಗೆ ಡಿಕ್ಕಿ ಹೊಡೆಯುತ್ತದೆ. ಶೀರ್ಷಿಕೆಗೆ 8, ಮೇಲೆ ಕೆಳಗೆ 3ರಂತೆ ಕಳೆದರೆ ಉಳಿಯುವುದು 14 ಸಾಲು. ಸಾಲಿಗೆ ನಾಲ್ಕು ಪದದಂತೆ 56 ಪದ. ಅರ್ಧ ಜಾಗ ಚಿತ್ರಕ್ಕೋ ನಕ್ಷೆಗೋ ಹೋದರೆ 28. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ಗಣಿತದ ಪೀರಿಯಡ್ಡೂ ಆಯಿತು.

ಮೂರನೇ ವಾರ ಚಾರ್ಟಿಗೆ ಎರಡೇ ದಿನ, ಶಾಲೆಯಲ್ಲೇ. ಮನೆಗೆ ಕೊಟ್ಟರೆ ಅಣ್ಣಂದಿರು ಬರೆಯುತ್ತಾರೆ. ಮೊದಲು ಪೆನ್ಸಿಲ್ ಗೆರೆ, ಪೆನ್ಸಿಲ್‌ನಲ್ಲೇ ಅಕ್ಷರ, ನೀವು ತಿದ್ದಿದ ಮೇಲೆ ಕಪ್ಪು ಅಥವಾ ಕಡುನೀಲಿ ಸ್ಕೆಚ್ ಪೆನ್. ಹಳದಿ, ಕಿತ್ತಳೆ ಬಣ್ಣದ ಅಕ್ಷರ ದೂರಕ್ಕೆ ಕಾಣುವುದಿಲ್ಲ. ಚಿತ್ರಕ್ಕೆ ಅಂಟು ಮೂಲೆ ಮತ್ತು ಅಂಚಿಗೆ ತೆಳ್ಳಗೆ ಹಚ್ಚಿದರೆ ಸಾಕು, ಪೂರ್ತಿ ಬಳಿದರೆ ಒಣಗುವಾಗ ಚಾರ್ಟ್ ಸುಕ್ಕಾಗಿ ಮುದುಡಿಕೊಳ್ಳುತ್ತದೆ.

ಉಳಿದ ದಿನಗಳು ಮಾತಿಗೆ. ಗುಂಪಿಗೆ ಮೂರು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ. ಏಳು ಗುಂಪಿಗೆ 35 ನಿಮಿಷ, 40 ನಿಮಿಷದ ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ನಾಲ್ವರೂ ಮಾತಾಡಬೇಕು, ಒಬ್ಬೊಬ್ಬರಿಗೆ ಮೂರೋ ನಾಲ್ಕೋ ವಾಕ್ಯ. ಬರೆದು ಉರು ಹೊಡೆಸಬೇಡಿ. ಉರು ಹೊಡೆದ ಮಗು ನಡುವೆ ಒಂದು ಪದ ತಪ್ಪಿದರೆ ಮೊದಲಿನಿಂದ ಶುರು ಮಾಡುತ್ತದೆ, ಇಲ್ಲವೇ ಅಳುತ್ತದೆ. ಅಂಗೈಯಗಲದ ಚೀಟಿಯಲ್ಲಿ ಮೂರು ಪದ ಬರೆದುಕೊಳ್ಳಲಿ, ವಾಕ್ಯವನ್ನು ಅಲ್ಲೇ ಕಟ್ಟಲಿ, ಮನೆಯ ಮಾತಿನಲ್ಲೇ ಆಗಲಿ. ‘ಬಾವುಟ ಹಾರ್ಸ್ಬುಟ್ರು’ ಎಂದರೆ ತಿದ್ದಬೇಡಿ. ಇಸವಿ ತಪ್ಪಿದರೆ ತಿದ್ದಿ. ಇಲ್ಲಿ ಹೆಚ್ಚಾಗಿ ತಪ್ಪುವುದು ಚಾರ್ಟಿಗೆ ಮುಖ, ಸಭೆಗೆ ಬೆನ್ನು ಮಾಡಿ ಓದುವುದು. ಚಾರ್ಟನ್ನು ಮಗುವಿನ ಬಲಕ್ಕೆ ಒಂದು ಮಾರು ದೂರ ತೂಗುಹಾಕಿದರೆ ತಿರುಗಿ ಓದಲಾಗುವುದಿಲ್ಲ.

ಹತ್ತು ಅಂಕವಿದ್ದರೆ ನೋಟ್‌ಬುಕ್ಕಿಗೆ ನಾಲ್ಕು, ಮಾತಿಗೆ ಮೂರು, ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ ಮೂರು. ಚಾರ್ಟಿಗೆ ಅಂಕ ಬೇಡ. ‘ಗೊತ್ತಿಲ್ಲ ಮಿಸ್, ಹುಡುಕಿ ಹೇಳ್ತೀನಿ’ ಎಂದು ಮಾರನೆಯ ದಿನ ತಂದ ಉತ್ತರಕ್ಕೂ ಪೂರ್ತಿ ಅಂಕ ಕೊಡಿ.

ಇನ್ನು ಓದಲು ತಡವರಿಸುವ ಆ ನಾಲ್ಕೈದು ಮಕ್ಕಳು. ಅವರನ್ನು ಒಂದೇ ಗುಂಪಿಗೆ ಹಾಕಬೇಡಿ, ಬಣ್ಣ ತುಂಬುವ ಕೆಲಸಕ್ಕೂ ಕೂರಿಸಬೇಡಿ. ಹಿರಿಯರನ್ನು ಕೇಳಿ ಬರುವ ಕೆಲಸ ಅವರದಾಗಲಿ, ಕೇಳಿದ್ದನ್ನು ಅವರು ಹೇಳಲಿ, ಪಕ್ಕದ ಮಗು ಬರೆದುಕೊಳ್ಳಲಿ. ದಂಡಿಯ ಗುಂಪಿನಲ್ಲಿದ್ದರೆ ನಕ್ಷೆ ಮತ್ತು ದಾರ ಕೊಡಿ. ಸಾಬರಮತಿಯಿಂದ ದಂಡಿಗೆ ದಾರ ಹಿಡಿದು, ಕೆಳಗಿನ ಅಳತೆಪಟ್ಟಿಗೆ ಹೋಲಿಸಲಿ. ನಡೆದದ್ದು ಸುಮಾರು 385 ಕಿ.ಮೀ., ದಾರದ ಅಳತೆ ಅದಕ್ಕಿಂತ ಕಡಿಮೆ ಬರುತ್ತದೆ, ಊರೂರು ಸುತ್ತಿದ ತಿರುವುಗಳು ದಾರಕ್ಕೆ ಸಿಗುವುದಿಲ್ಲ. ಆಮೇಲೆ 24 ದಿನಕ್ಕೆ ಭಾಗಿಸಿದರೆ ದಿನಕ್ಕೆ 16 ಕಿ.ಮೀ., ಮದ್ದೂರಿನಿಂದ ಮಂಡ್ಯಕ್ಕೆ ಇರುವ ದೂರಕ್ಕಿಂತ ಸ್ವಲ್ಪ ಕಡಿಮೆ. ಅಷ್ಟು ದೂರ ದಿನಾ ನಡೆದರೆ ಕಾಲು ಏನಾಗುತ್ತದೆ ಎಂದು ಆ ಮಗುವನ್ನೇ ಕೇಳಿ, ಅದರ ಉತ್ತರದಿಂದಲೇ ಆ ಗುಂಪಿನ ಮಾತು ಶುರುವಾಗಲಿ.